ಬೆನ್ನಿನ ಮೇಲಿನ ನರಗುಂದ

ಮನುಷ್ಯನ ಬೆನ್ನು ನಿಖರವಾಗಿ ಎಲ್ಲಿ ತುರಿಸುತ್ತದೆ ಎಂಬುದು ನಾಗರಿಕತೆಯ ಬುನಾದಿಗೇ ಸಂಬಂಧಿಸಿದ ಪ್ರಶ್ನೆ. ರಾಜ್ಯಗಳು ಎದ್ದು ಬಿದ್ದವು, ಚಂದ್ರನ ಮೇಲೆ ಗಾಡಿ ಓಡಿಸಿದ್ದಾಯಿತು, ಸಮುದ್ರದ ತಳದ ಕೆಸರನ್ನು ಮೇಲೆ ತಂದು ಅದಕ್ಕೊಂದು ಹೆಸರಿಟ್ಟದ್ದೂ ಆಯಿತು. ಆದರೆ ತನ್ನ ಬೆನ್ನಿನ ನಡುಮಧ್ಯಕ್ಕೆ ತನ್ನ ಕೈಯೇ ಎಟುಕದ ಪ್ರಾಣಿಯೊಂದು ಆ ಜಾಗ ಯಾವುದೆಂದು ಇನ್ನೊಬ್ಬರಿಗೆ ಹೇಗೆ ತಿಳಿಸಬೇಕು ಎಂಬುದಕ್ಕೆ ಮಾತ್ರ ಒಪ್ಪಿತವಾದ ಪದ್ಧತಿ ಹುಟ್ಟಲಿಲ್ಲ. ‘ಸ್ವಲ್ಪ ಮೇಲೆ’, ‘ಅಲ್ಲಲ್ಲ, ಕೆಳಗೆ’, ‘ಅಯ್ಯೋ, ದಾಟಿ ಹೋಯಿತು’ ಎಂಬಷ್ಟೇ ಶಬ್ದಸಂಪತ್ತಿನಲ್ಲಿ ಮನುಕುಲ ಕಾಲ ತಳ್ಳಿಕೊಂಡು ಬಂದಿತ್ತು. ಈ ಕೊರತೆಯನ್ನು ಗಂಭೀರವಾಗಿ ಎತ್ತಿಕೊಂಡು, ಅದಕ್ಕೊಂದು ಪಾಠವನ್ನೇ ಮೀಸಲಿಟ್ಟ ಕೀರ್ತಿ ಹುಬ್ಬಳ್ಳಿಯ ಕೈಯಾಸರೆ ತರಬೇತಿ ಕೇಂದ್ರಕ್ಕೆ ಸಲ್ಲಬೇಕು.

ಕೇಂದ್ರ ದೊಡ್ಡದೇನಲ್ಲ. ಕೆಳಗೆ ಎರಡು ತರಗತಿ, ಹಿಂದೆ ಮಂಚಗಳ ಒಂದು ಅಭ್ಯಾಸದ ಕೋಣೆ, ಮೇಲೆ ಒಂದು ಕಾಲಕ್ಕೆ ಹತ್ತಿಯ ಅಂಡಿಗೆ ಇಡುತ್ತಿದ್ದ ಗೋದಾಮು. ಹಾಸಿಗೆ ಹಿಡಿದವರನ್ನು, ಕೈಕಾಲು ಸ್ವಾಧೀನ ತಪ್ಪಿದವರನ್ನು, ನೆನಪು ಜಾರಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವವರಿಗೆ ಇಲ್ಲಿ ಒಂದು ವರ್ಷದ ತರಬೇತಿ. ರಾಜ್ಯದಲ್ಲಿ ಮುದುಕರ ಸಂಖ್ಯೆ ಶಾಲೆಗೆ ಹೋಗುವ ಮಕ್ಕಳ ಸಂಖ್ಯೆಯನ್ನು ದಾಟಿ ಆಗಲೇ ಕೆಲವು ವರ್ಷಗಳಾಗಿದ್ದವು. ಬೇರೆಲ್ಲ ಕೆಲಸಗಳನ್ನು ಯಂತ್ರಗಳು ಒಂದೊಂದಾಗಿ ಕೈಗೆತ್ತಿಕೊಂಡ ಮೇಲೆ, ಮುದುಕರನ್ನು ಮಗ್ಗುಲು ಹೊರಳಿಸುವ ಕೆಲಸವೊಂದು ಮನುಷ್ಯರ ಪಾಲಿಗೆ ಉಳಿದಿತ್ತು. ಹಾಗಾಗಿ ಕೇಂದ್ರದ ಬಾಗಿಲಲ್ಲಿ ಪ್ರತಿ ಜೂನಿನಲ್ಲೂ ಜಾತ್ರೆ.

ಕೇಂದ್ರ ನಡೆಸುತ್ತಿದ್ದವಳು ಸುನಂದಾ ಹೊಂಬಳ. ಐವತ್ತು ದಾಟಿದ, ಎತ್ತರದ, ನಕ್ಕರೆ ಯಾರಿಗಾದರೂ ಸಲಿಗೆ ಕೊಟ್ಟಂತಾದೀತೆಂದು ಅಂಜುವ ಹೆಂಗಸು. ಹಾಸಿಗೆ ಹುಣ್ಣು ಆಗದಂತೆ ಹೊರಳಿಸುವುದು, ಗಂಟಲಿಗೆ ಸಿಗದಂತೆ ಉಣಿಸುವುದು, ನಾಚಿಕೆಯಾಗದಂತೆ ಮೈ ಒರೆಸುವುದು, ಇವನ್ನೆಲ್ಲ ಅವಳು ತರಗತಿಯಲ್ಲೇ ಕಲಿಸುತ್ತಿದ್ದಳು. ಬೆನ್ನಿನ ಪಾಠಕ್ಕೆ ಮಾತ್ರ ತರಬೇತಿಗೆ ಬಂದ ಮಕ್ಕಳನ್ನು ಕರೆದುಕೊಂಡು ಎರಡು ಓಣಿ ಆಚೆಗಿನ ಫಕೀರಪ್ಪ ಕೊಣ್ಣೂರರ ಮನೆಗೆ ಹೋಗುತ್ತಿದ್ದಳು.

ಫಕೀರಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಜಾಲರಿಯ ಹಿಂದೆ ಕುಳಿತು ಮೈಕಿನಲ್ಲಿ ಊರುಗಳ ಹೆಸರು ಕೂಗಿ ಬಸ್ಸು ಬಿಡುವುದರಲ್ಲಿ ಆಯುಷ್ಯ ಕಳೆದಿತ್ತು. ತಾವಾಗಿ ಬಸ್ಸು ಹತ್ತಿ ಎಲ್ಲಿಗೂ ಹೋದವರಲ್ಲ. ಎಂಬತ್ತರ ಹತ್ತಿರ ಬಂದಾಗ ಲಕ್ವ ಹೊಡೆದು ಎಡಭಾಗ ಹೋಯಿತು. ನಾಲಿಗೆ ಉಳಿಯಿತು. ಅದರ ಬದಲು ಕಾಲು ಉಳಿದಿದ್ದರೆ ಚೆನ್ನಾಗಿತ್ತು ಎಂದು ಅವರ ಮಗಳು ಶಾವಂತ್ರಿ ಆಗಾಗ ದೇವರಿಗೆ ಹೇಳುತ್ತಿದ್ದಳು. ಅವಳದು ಕೆಳಗಿನ ಮನೆಯಲ್ಲೇ ರೊಟ್ಟಿ ವ್ಯಾಪಾರ. ಐದು ಜನ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ರೊಟ್ಟಿ ಬಡಿಯುವ ಸದ್ದು ಮೇಲಿನ ಕೋಣೆಯ ಮಂಚದ ಕಾಲಿಗೂ ತಾಕುತ್ತಿತ್ತು.

ಬೆನ್ನಿನ ಪಾಠವೆಂದರೆ ಹೀಗೆ. ಮಕ್ಕಳು ಅಜ್ಜನನ್ನು ಗೋಡೆಯ ಕಡೆ ಹೊರಳಿಸುತ್ತಾರೆ. ಒಬ್ಬರು ಬೆನ್ನ ಮೇಲೆ ಕೈ ಇಡುತ್ತಾರೆ.

“ಎಲ್ಲಿ ತುರಸ್ತೈತ್ರಿ ಅಜ್ಜಾರ?”

“ಸೊಂಟಾ ಅಂದ್ರ ಹುಬ್ಬಳ್ಳಿ. ಅಲ್ಲಿಂದ ಬಸ್ಸು ಬಿಡು. ವಿಜಾಪುರ ರೋಡು ಹಿಡಿ, ಬೆನ್ನೆಲುಬು ಗುಂಟ. ನವಲಗುಂದ ಬಂತಾ? ನಿಂದರಬ್ಯಾಡ, ಅಲ್ಲಿ ಇಳಿಯಾವ್ರು ಯಾರೂ ಇಲ್ಲ. ಮ್ಯಾಲೆ ಬಾ. ಹಾಂ, ನರಗುಂದ. ಇಲ್ಲೇ ಕೆರಿ. ಲೇ, ಊರಾಗ ಹೋಗು ಅಂದ್ರ ಬೈಪಾಸಿನ್ಯಾಗ ಹೊಂಟಿಯಲ್ಲೋ!”

ಕತ್ತಿನ ಬುಡ ವಿಜಯಪುರ. ಎಡ ಹೆಗಲ ಮೂಳೆ ಬೆಳಗಾವಿ. ಲಕ್ವ ಹೊಡೆದ ಮಗ್ಗುಲಾದ್ದರಿಂದ ಅಲ್ಲಿಗೆ ಸಂಚಾರ ಕಡಿಮೆ. ಬಲಗಡೆ ಗದಗ, ಕೊಪ್ಪಳ. ರಾಯಚೂರು ನೇರ ಕಂಕುಳಲ್ಲಿ, ಅಲ್ಲಿ ಯಾವಾಗಲೂ ಸೆಕೆ. ಒಂದೊಂದು ಊರಿಗೂ ಒಂದೊಂದು ಕಥೆ. ನರಗುಂದದ ಬಸ್ಸಿನಲ್ಲಿ ಒಬ್ಬಾಕೆ ಹಡೆದದ್ದು, ಹುಟ್ಟಿದ ಕೂಸಿಗೆ ಅರ್ಧ ಟಿಕೀಟು ಕೊಡಬೇಕೋ ಬೇಡವೋ ಎಂದು ಕಂಡಕ್ಟರು ಜಗಳ ತೆಗೆದದ್ದು. ಕುಳಗೇರಿ ಕ್ರಾಸಿನಲ್ಲಿ ಮದುಮಗ ಒಂದು ಬಸ್ಸು, ಮದುಮಗಳು ಇನ್ನೊಂದು ಬಸ್ಸು ಹತ್ತಿ ಎದುರುಬದುರು ದಿಕ್ಕಿಗೆ ಹೋದದ್ದು. ಎಲ್ಲವೂ ಚಾಲಕರು ಹೇಳಿದ್ದನ್ನು ಕೇಳಿ ಇಟ್ಟುಕೊಂಡದ್ದು. ಅರ್ಧ ಗಂಟೆ ಕಳೆದ ಮೇಲೆ ಅಜ್ಜ “ರೈಟ್” ಅನ್ನುತ್ತಿದ್ದರು. ಬಸ್ಸು ಹೋಗಬಹುದು ಎಂದರ್ಥ.

ಈ ನಕಾಶೆಯನ್ನು ಅವರು ತಮಗಾಗಿ ಮಾಡಿಕೊಂಡದ್ದಲ್ಲ. ಅದು ಅವರ ಹೆಂಡತಿ ಪಾರವ್ವನದು. ಆಕೆ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಾಗ ಅವಳನ್ನು ನೋಡಿಕೊಳ್ಳಲು ಬಂದ ಹುಡುಗಿಯೇ ಸುನಂದಾ. ಆಗ ಅವಳಿಗೆ ತರಬೇತಿ ಎಂಬ ಶಬ್ದವೂ ಗೊತ್ತಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ಫಕೀರಪ್ಪ, ಖಾಕಿ ಅಂಗಿಯನ್ನೂ ಬಿಚ್ಚದೆ ಹೆಂಡತಿಯ ಪಕ್ಕ ಕುಳಿತು, ಅಣ್ಣಿಗೇರಿಯ ಆಚೆಗೆ ಹೋಗದಿದ್ದ ಆಕೆಯನ್ನು ಬೆನ್ನಿನ ಮೇಲೇ ರಾಯಚೂರಿನ ತನಕ ಕರೆದೊಯ್ಯುವುದನ್ನು ಸುನಂದಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಪಾರವ್ವನಿಗೆ ತುರಿಕೆ ನಿಜವಾಗಿ ಇತ್ತು. ಅವಳು ಹೋದ ಮೇಲೆ, ತಾವೇ ಹಾಸಿಗೆ ಹಿಡಿದ ಮೇಲೆ, ಫಕೀರಪ್ಪನವರಿಗೆ ಇರಲಿಲ್ಲ.

ಇದು ಸುನಂದಾಗೆ ಮೊದಲ ದಿನವೇ ಗೊತ್ತಾಗಿತ್ತು. ತುರಿಸುವ ಬೆನ್ನು ಕೈ ಬಿದ್ದ ಕೂಡಲೇ ಒಮ್ಮೆ ನಡುಗಿ ಸಡಿಲವಾಗುತ್ತದೆ. ಇವರ ಬೆನ್ನು ಹಾಗೆ ಮಾಡುತ್ತಿರಲಿಲ್ಲ. ಕಿವಿಗೊಟ್ಟು ಕುಳಿತವರ ಬೆನ್ನಿನಂತೆ ಸ್ತಬ್ಧವಾಗಿರುತ್ತಿತ್ತು. ಆದರೂ ವರ್ಷ ವರ್ಷ ಅವಳು ಮಕ್ಕಳನ್ನು ಕರೆತಂದಳು. ಇದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಪಾಠದಲ್ಲಿ ಬರೆಯಲೂ ಇಲ್ಲ. ಹೇಗೆ ಬರೆಯುವುದು? ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕ ಅಂತ ಮಕ್ಕಳು ಕೇಳುತ್ತಾರೆ.

ಆ ವರ್ಷ ಆರೈಕೆ ಮಂಡಳಿಯಿಂದ ಒಂದು ಆದೇಶ ಬಂತು. ಇನ್ನು ಮುಂದೆ ‘ಸಹವೇದಿ’ ಎಂಬ ಯಂತ್ರವನ್ನು ಬಳಸಲು ಕಲಿಸುವ ಕೇಂದ್ರಗಳಿಗೆ ಮಾತ್ರ ಮಾನ್ಯತೆ. ಉಳಿದವರು ಕೊಡುವ ಪ್ರಮಾಣಪತ್ರವನ್ನು ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಬಹುದು, ಕೆಲಸ ಸಿಗುವುದಿಲ್ಲ. ಸಹವೇದಿಯನ್ನು ಹೊತ್ತುಕೊಂಡು ಬಂದವನು ಪ್ರಹ್ಲಾದ ಗಲಗಲಿ ಎಂಬ ಎಂಜಿನಿಯರು. ಮೇಲಿನ ಹತ್ತಿ ಗೋದಾಮು ಅವನ ಪ್ರಯೋಗಶಾಲೆಯಾಯಿತು. ಅಲ್ಲಿ ಪರದೆಗಳು ಬಂದವು, ತಂಪು ಗಾಳಿ ಬಂತು. ಅಷ್ಟಾದರೂ ಬಿಸಿಲೇರಿದಾಗ ಹತ್ತಿಕಾಳಿನ ವಾಸನೆ ಮಾತ್ರ ಹೋಗಲಿಲ್ಲ.

ಯಂತ್ರ ಸರಳ. ಮಲಗಿದವರ ಕತ್ತಿನ ಹಿಂದೆ ಬೆರಳಗಲದ ಒಂದು ಪಟ್ಟಿ ಅಂಟಿಸುತ್ತಾರೆ. ಮೈಯಿಂದ ಮಿದುಳಿಗೆ ಹೋಗುವ ಸುದ್ದಿಯೆಲ್ಲ ಆ ದಾರಿಯಲ್ಲೇ ಹಾಯಬೇಕಾದ್ದರಿಂದ, ಪಟ್ಟಿ ಅದನ್ನು ಓದುತ್ತದೆ: ಎಲ್ಲಿ ಉರಿ, ಎಲ್ಲಿ ಒತ್ತು, ಎಲ್ಲಿ ತೇವ. ಆರೈಕೆಯವರು ತೊಟ್ಟ ಬನಿಯನ್ನಿನ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಗುಂಡಿಗಳು. ಮಲಗಿದವರಿಗೆ ಎಲ್ಲಿ ಏನಾಗುತ್ತದೋ ಇವರಿಗೂ ಅಲ್ಲಿಯೇ ಅದೇ, ಕೊಂಚ ಮೆದುವಾಗಿ. ಕೇಳುವ ಅಗತ್ಯವಿಲ್ಲ, ಹೇಳುವ ಅಗತ್ಯವಿಲ್ಲ. ಮಾತು ಹೋದವರ ಪಾಲಿಗೆ ಅದು ವರವೇ ಸರಿ. ಅಭ್ಯಾಸದ ಕೋಣೆಯಲ್ಲಿ ನಾಲಿಗೆ ಬಿದ್ದ ಒಬ್ಬ ಮುದುಕಿಯ ಕಾಲಡಿ ಸಿಕ್ಕ ಗುಂಡುಸೂಜಿಯನ್ನು ಒಬ್ಬ ಹುಡುಗಿ ಬಾಗಿಲಿನಿಂದಲೇ ಪತ್ತೆ ಹಚ್ಚಿದಾಗ ಸುನಂದಾಳ ಕಣ್ಣು ತುಂಬಿತ್ತು. ಮಕ್ಕಳು ಸಹವೇದಿ ಎಂಬ ಹೆಸರನ್ನು ಎರಡೇ ದಿನದಲ್ಲಿ ಕೈಬಿಟ್ಟು ಅದಕ್ಕೆ ‘ತುರಿಕಿ ಬನೀನು’ ಎಂದು ನಾಮಕರಣ ಮಾಡಿದರು.

ಆದರೆ ತುರಿಕೆಯೇ ಯಂತ್ರಕ್ಕೆ ಕಷ್ಟದ ವಿಷಯವಾಗಿತ್ತು. “ತುರಿಕಿ ತರೋ ನರ ಅಂದ್ರ ಭಾಳ ತೆಳು, ಭಾಳ ನಿಧಾನ ಮೇಡಂ,” ಎಂದು ಗಲಗಲಿ ವಿವರಿಸಿದ. “ಉಳದ ನರಾ ಎಲ್ಲಾ ಎಕ್ಸ್‌ಪ್ರೆಸ್ ಇದ್ದಂಗ. ಇದು ಮಾತ್ರ ಹಳ್ಳಿ ಹಳ್ಳಿಗೆ ನಿಂತು ಬರೋ ಬಸ್ಸು. ಇದನ್ನ ಹಿಡದ್ರ ನಾವು ಗೆದ್ದಂಗ. ನಿಮ್ಮ ಹತ್ರ ಬೆನ್ನು ಭಾಳ ತುರಿಸೋರು ಯಾರರೆ ಇದ್ದಾರೇನು?”

ತರಗತಿಯ ಇಪ್ಪತ್ತಾರು ಮಂದಿಯೂ ಒಂದೇ ದನಿಯಲ್ಲಿ ಫಕೀರಪ್ಪಜ್ಜನ ಹೆಸರು ಹೇಳಿದರು.

ಯಂತ್ರವನ್ನು ಅಜ್ಜನ ತುರಿಕೆಗೆ ಹೊಂದಿಸುವ ಕೆಲಸಕ್ಕೆ ಆಯ್ಕೆಯಾದವಳು ಹಸೀನಾ ನದಾಫ್. ತಂಡದಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಅಪ್ಪನದು ಗಾದಿ ಹೊಲಿಯುವ ಕಸುಬು. ಮಲಗುವವರ ಕಷ್ಟ ತನಗೆ ಹುಟ್ಟಿನಿಂದ ಗೊತ್ತು ಎಂದು ಸಂದರ್ಶನದಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಅವಳು ಬನಿಯನ್ ತೊಟ್ಟು ಅಜ್ಜನ ಮಂಚದ ಬಳಿ ಕುಳಿತಳು. ಸುನಂದಾ ಮತ್ತು ಗಲಗಲಿ ಗೋದಾಮಿನಲ್ಲಿ ಪರದೆಯ ಮುಂದೆ. ಅಲ್ಲಿಯ ಮಾತು ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ರೊಟ್ಟಿ ಬಡಿಯುವ ಸದ್ದಿನ ಸಮೇತ.

“ಕುಳಗೇರಿ ಕ್ರಾಸು. ಅಲ್ಲೇ ನಿಂದರು. ಅಯ್ಯಯ್ಯ, ಇರಿವಿ ಹರದಂಗ ಆಗೇತಿ!”

ಪರದೆಯ ಮೇಲೆ ಗೆರೆ ಸಪಾಟಾಗಿ ಹೋಗುತ್ತಿತ್ತು.

“ಹಸೀನಾ, ನಿಂಗೇನರೆ ಗೊತ್ತಾತೇನು?” ಗಲಗಲಿ ಕೇಳಿದ.

“ಏನೂ ಇಲ್ರಿ ಸರ್. ಅಜ್ಜಾರ ಭುಜದ ಭಾರ ಗೊತ್ತಾಗತೈತಿ, ಹಾಸಿಗಿ ಸುಕ್ಕು ಗೊತ್ತಾಗತೈತಿ. ತುರಿಕಿ ಮಾತ್ರ ಇಲ್ರಿ.”

ಗಲಗಲಿ ಪಟ್ಟಿ ಬದಲಾಯಿಸಿದ. ಬನಿಯನ್ ಬದಲಾಯಿಸಿದ. ತನ್ನದೇ ಬೆನ್ನಿಗೆ ತುರಿಕೆ ಸೊಪ್ಪು ಉಜ್ಜಿಕೊಂಡು ನೋಡಿದ. ಆಗ ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಬನಿಯನ್ ತೊಟ್ಟಿದ್ದ ಹಸೀನಾ ಕೋಣೆಯ ಗೋಡೆಗೆ ಬೆನ್ನು ಉಜ್ಜುತ್ತ ಮೇಡಂ ಮೇಡಂ ಎಂದು ಕೂಗಿದಳು. ಅಜ್ಜನ ಬಳಿಗೆ ಹೋದರೆ ಮತ್ತೆ ಸಪಾಟು. ಹೀಗೆ ಮೂರು ವಾರ. ಮಂಡಳಿಯ ತಪಾಸಣೆ ಹತ್ತಿರ ಬಂತು. ಗಲಗಲಿಯ ಗಡ್ಡ ಬೆಳೆಯಿತು. ಅಜ್ಜ ಮಾತ್ರ ಖುಷಿಯಲ್ಲಿದ್ದರು. ಇಷ್ಟು ಮಂದಿ ಇಷ್ಟು ಹೊತ್ತು ಅವರ ಬೆನ್ನಿನ ಹಿಂದೆ ಬಿದ್ದದ್ದು ಇದೇ ಮೊದಲು. ವಿಜಯಪುರ ದಾಟಿ ಸೊಲ್ಲಾಪುರಕ್ಕೂ ಬಸ್ಸು ಬಿಡಲು ಶುರುಮಾಡಿದ್ದರು.

“ಒಂದು ಸಾಧ್ಯತೆ ಅದ,” ಎಂದು ಗಲಗಲಿ ಕೊನೆಗೆ ತಲೆ ಹಿಡಿದುಕೊಂಡು ಹೇಳಿದ. “ಕೆಲವರಿಗೆ ತುರಿಕಿ ಚರ್ಮದಾಗ ಹುಟ್ಟೂದಿಲ್ಲ. ತಲಿಯೊಳಗ ಹುಟ್ಟತದ. ಹಂಗಿದ್ರ ಕತ್ತಿನ ಪಟ್ಟಿಗೆ ಅದು ಸಿಗೂದಿಲ್ಲ. ಆದ್ರ ಹಂಗಂತ ಬರದ್ರ ಯಂತ್ರ ಅಪೂರ್ಣ ಅಂತ ಆಗತದ. ಮಂಡಳಿ ಈ ವರ್ಷ ಒಪ್ಪೂದಿಲ್ಲ. ಇಲ್ಲಾ ಅಂದ್ರ…” ಅವನು ಅವಳ ಕಡೆ ತಿರುಗಿದ. “ಮೇಡಂ, ನೀವು ಇವರನ್ನ ಭಾಳ ವರ್ಷದಿಂದ ಬಲ್ಲಿರಿ. ಖರೇ ಹೇಳ್ರಿ. ಅಜ್ಜಾರಿಗೆ ತುರಿಕಿ ಅದನೋ ಇಲ್ಲೋ?”

ಕೆಳಗೆ ತರಗತಿಯಲ್ಲಿ ಇಪ್ಪತ್ತಾರು ಮಂದಿ ಒಬ್ಬರನ್ನೊಬ್ಬರು ಎತ್ತಿ ಕುರ್ಚಿಗೆ ಕೂರಿಸುವ ಅಭ್ಯಾಸ ಮಾಡುತ್ತಿದ್ದರು. “ಒಂದ್, ಎರಡ್, ಎತ್ತ” ಎಂಬ ಕೂಗು ಮೇಲಕ್ಕೆ ಬರುತ್ತಿತ್ತು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಇದ್ದಬದ್ದದ್ದನ್ನು ಒತ್ತೆಯಿಟ್ಟು ಬಂದವರು. ಅಜ್ಜನ ಗುಟ್ಟು ಉಳಿಯಲು ತಲೆಯೊಳಗೆ ಹುಟ್ಟುವ ತುರಿಕೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಸುಳ್ಳೂ ಅಷ್ಟೇನೂ ದೊಡ್ಡದಾಗುತ್ತಿರಲಿಲ್ಲ. ಸುನಂದಾ ಪರದೆಯ ಮೇಲಿನ ಗೆರೆಯನ್ನೇ ನೋಡುತ್ತ ನಿಂತಳು.

“ಇಲ್ಲ,” ಎಂದಳು. “ಯಂತ್ರ ಸರಿ ಐತಿ. ಅವ್ರಿಗೆ ತುರಿಕಿ ಇಲ್ಲ. ಎಂದೂ ಇರಲಿಲ್ಲ.”

ಗಲಗಲಿ ಕುರ್ಚಿಯಿಂದ ನೆಗೆದು ಎದ್ದ. ಮೂರು ವಾರದಲ್ಲಿ ಮೊದಲ ಸಲ ನಕ್ಕ. “ಅಂದ್ರ ಮುದುಕಪ್ಪ ಯಂತ್ರಕ್ಕ ಟೋಪಿ ಹಾಕ್ಲಿಕ್ಕೆ ನೋಡಿದ್ರು, ಯಂತ್ರ ಹಾಕಿಸ್ಕೊಳ್ಳಿಲ್ಲ! ಇದು ದೊಡ್ಡ ಸಂಗತಿ ಮೇಡಂ. ಖರೇ ಕರೀ ಯಾವುದು, ಹುಸಿ ಕರೀ ಯಾವುದು ಅಂತ ಈಗ ನಾವು ಬೇರ್ಪಡಿಸಬಹುದು.” ಸಂಜೆಯೊಳಗೆ ಯಂತ್ರದಲ್ಲಿ ‘ಹುಸಿ ಕರೆ’ ಎಂಬ ಹೊಸ ವಿಭಾಗ ಸೇರಿತು. ಮಂಡಳಿಗೆ ಅದು ಬಹಳ ಹಿಡಿಸಿತು. ಕೆಲಸದ ಹೊರೆ ಎಷ್ಟೋ ಹಗುರವಾಗುತ್ತದೆ ಎಂದು ಅವರು ಮೆಚ್ಚುಗೆಯ ಪತ್ರ ಬರೆದರು. ಹುಸಿ ಕರೆ ಬಂದರೆ ಆರೈಕೆಯವರು ಏನು ಮಾಡಬೇಕೆಂಬ ಸೂಚನೆಯನ್ನೂ ಅದರ ಜೊತೆಗೇ ಕಳಿಸಿದರು: ಗದರಬಾರದು, ವಾದಿಸಬಾರದು, ಮೃದುವಾಗಿ ವಸ್ತುಸ್ಥಿತಿಯನ್ನು ತಿಳಿಸಿ ಧೈರ್ಯ ಹೇಳಬೇಕು. ಸುನಂದಾ ಅದನ್ನು ಬೋರ್ಡಿನ ಮೇಲೆ ಬರೆದಳು. ಮಕ್ಕಳು ಬರೆದುಕೊಂಡರು.

ಪ್ರಾಯೋಗಿಕ ಪರೀಕ್ಷೆಯ ದಿನ ಹಸೀನಾಳ ಪಾಲಿಗೆ ಫಕೀರಪ್ಪಜ್ಜನೇ ಬಂದರು. ಸುನಂದಾ ಅಂಕ ಹಾಕಲು ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ವರ್ಷದ ಹಿಂದೆ ಪಾರವ್ವನನ್ನು ನೋಡುತ್ತ ಒರಗಿದ್ದ ಅದೇ ಚೌಕಟ್ಟು. ಕೆಳಗಿನಿಂದ ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. ಹಸೀನಾ ಅಜ್ಜನ ಮೈ ಒರೆಸಿದಳು, ಅಂಗಿ ಬದಲಿಸಿದಳು, ತೊಡೆಯ ಕೆಳಗೆ ಮಡಿಕೆಯಾಗಿದ್ದ ಬಟ್ಟೆಯನ್ನು ಅವರು ಹೇಳುವ ಮೊದಲೇ ಎಳೆದು ಸರಿಮಾಡಿದಳು. ಅಜ್ಜ ಒಪ್ಪಿಗೆಯಿಂದ ಹುಂಕರಿಸಿದರು. ಆಮೇಲೆ ಗೋಡೆಯ ಕಡೆ ಹೊರಳಿ, ಗಂಟಲು ಸರಿಮಾಡಿಕೊಂಡರು.

“ಹಸೀನವ್ವಾ, ಇವತ್ತು ಗದಗ ರೋಡಿನ್ಯಾಗ ಭಾಳ ತುರಸಾಕತ್ತೈತಿ ನೋಡು. ಬಸ್ಸು ಬಿಡು.”

ಹಸೀನಾ ಬನಿಯನ್ನಿನ ಮಾತು ಕೇಳಿಸಿಕೊಂಡಳು. ಆಮೇಲೆ ಮಂಚದ ಅಂಚಿಗೆ ಕುಳಿತು, ಅಜ್ಜನ ತೋಳಿನ ಮೇಲೆ ಕೈಯಿಟ್ಟು, ಮುಖದ ತುಂಬ ಸಂತೋಷ ಮಾಡಿಕೊಂಡು ಹೇಳಿದಳು. ಅವಳ ಪಾಲಿಗೆ ಅದು ಸಿಹಿಸುದ್ದಿಯೇ ಆಗಿತ್ತು.

“ಅಜ್ಜಾರ, ಒಂದು ಚಲೋ ಸುದ್ದಿ ಹೇಳಲೇನ್ರಿ? ನಿಮ್ಮ ಬೆನ್ನಾಗ ತುರಿಕಿ ಇಲ್ರಿ. ಚೂರೂ ಇಲ್ಲ. ಬನೀನಿನ್ಯಾಗ ಎಲ್ಲಾ ಗೊತ್ತಾಗತೈತಿ. ನಿಮ್ಮ ಚರ್ಮ ಸಣ್ಣ ಕೂಸಿನ ಚರ್ಮ ಇದ್ದಂಗ ಐತಿ. ಇನ್ನ ಚಿಂತಿ ಮಾಡಬ್ಯಾಡ್ರಿ.”

ಕೆಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು.

“ಎಲ್ಲಾ ಗೊತ್ತಾಗತೈತಾ?” ಎಂದು ಅಜ್ಜ ಆಮೇಲೆ ಕೇಳಿದರು, ಗೋಡೆಗೆ.

“ಹೌದ್ರಿ. ಮೊದಲಿಂದ.”

“ಮೊದಲಿಂದ.” ಅವರ ಕಿವಿಯ ಹಿಂಭಾಗ ಕೆಂಪಾಗಿದ್ದು ಬಾಗಿಲಿನಿಂದಲೂ ಕಾಣಿಸಿತು. “ಗಲಗಲಿ ಅವ್ರಿಗೂ?”

“ಎಲ್ಲಾರಿಗೂ ರಿ,” ಎಂದಳು ಹಸೀನಾ, ಧೈರ್ಯ ಹೇಳುವ ದನಿಯಲ್ಲಿ.

ಅಜ್ಜ ಸರಿ ಇದ್ದ ಬಲಗೈಯಿಂದ ಹೊದಿಕೆಯನ್ನು ಬೆನ್ನಿನ ಮೇಲೆ ಎಳೆದುಕೊಳ್ಳಲು ನೋಡಿದರು. ಎಟುಕಲಿಲ್ಲ. ಹಸೀನಾ ಎಳೆದು ಹೊದಿಸಿದಳು. ಅವಳು ಬಾಗಿಲ ಕಡೆ ತಿರುಗಿ, ಸರಿಯಾಯಿತೇ ಎನ್ನುವಂತೆ ಮೇಡಂ ಮುಖ ನೋಡಿದಳು. ಗದರಿರಲಿಲ್ಲ, ವಾದಿಸಿರಲಿಲ್ಲ, ಮೃದುವಾಗಿ ವಸ್ತುಸ್ಥಿತಿ ತಿಳಿಸಿ ಧೈರ್ಯ ಹೇಳಿದ್ದಳು. ಸುನಂದಾ ಪೂರ್ಣ ಅಂಕ ಹಾಕಿದಳು. ಕಳೆಯಲು ಕಾರಣವೇ ಇರಲಿಲ್ಲ.

ಮೊದಮೊದಲು ಶಾವಂತ್ರಿಗೆ ಪರಮಾನಂದ. ರೊಟ್ಟಿಯ ಗಂಟು ಹಿಡಿದುಕೊಂಡು ಕೇಂದ್ರಕ್ಕೇ ಬಂದಳು. “ಅಕ್ಕಾರ, ಅಪ್ಪ ಎಷ್ಟ ಶಾಂತ ಆಗ್ಯಾನಂತೀರಿ! ಗಂಟಿ ಬಾರಸೂದಿಲ್ಲ, ಕೂಗೂದಿಲ್ಲ. ಹತ್ತ ಸಲ ಮ್ಯಾಲೆ ಹತ್ತಿ ಇಳದು ನನ್ನ ಮೊಣಕಾಲು ಹೋಗಿದ್ವು. ನಿಮ್ಮ ಬನೀನು ಭಾರಿ ಐತ್ರಿ.”

ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಬಂದಳು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಕುಳಿತುಕೊಳ್ಳಲೂ ಇಲ್ಲ.

“ಅಕ್ಕಾರ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೊಬ್ಯಾಡ್ರಿ. ಅಪ್ಪಗ ನಾಲಿಗಿಗೂ ಲಕ್ವ ಹೊಡದೈತೇನ್ರಿ? ಡಾಕ್ಟರ್ ಇಲ್ಲ ಅಂತಾರ. ಉಣ್ಣಂದ್ರ ಉಣ್ತಾನ, ಸಾಕಂದ್ರ ಸಾಕು. ಮನ್ನೆ ರೊಟ್ಟಿ ಬಡಿಯಾಕಿ ಒಬ್ಬಾಕಿ ನರಗುಂದಕ್ಕ ಹೋಗಾಕ ಎಷ್ಟೊತ್ತಿಗೆ ಬಸ್ ಐತಿ ಅಂತ ಬೇಕಂತನ ಕೇಳಿದ್ಲು. ಗೊತ್ತಿಲ್ಲವ್ವ ಅಂದ.” ಶಾವಂತ್ರಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಮ್ಮಪ್ಪಗ ನರಗುಂದದ ಬಸ್ಸು ಗೊತ್ತಿಲ್ಲಂತ!”

ಸುನಂದಾ ಮರುದಿನ ತರಗತಿಯಲ್ಲಿ ಹೊಸ ಪಾಠವೊಂದನ್ನು ಮಾಡಿದಳು. ಇಷ್ಟು ವರ್ಷ ಹೇಳದಿದ್ದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಗೊತ್ತಿದ್ದರೂ ಕೇಳಬೇಕು. ತುರಿಕೆ ಇಲ್ಲ ಎಂದು ಬನಿಯನ್ ಹೇಳಿದರೂ ಕೈ ಇಡಬೇಕು. ಕೆಲವರು ಬೆನ್ನು ತೋರಿಸುವುದು ಬೆನ್ನಿಗಾಗಿ ಅಲ್ಲ. ಮಕ್ಕಳು ತಲೆಯಾಡಿಸಿ ಬರೆದುಕೊಂಡರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಕೈಯೆತ್ತಿದ.

“ಮೇಡಂ, ಎಷ್ಟೊತ್ತು ಕೇಳಬೇಕ್ರಿ?”

ಅಂದು ಮಧ್ಯಾಹ್ನ ಹಸೀನಾ ಒಬ್ಬಳೇ ಅಜ್ಜನ ಮನೆಗೆ ಹೋದಳು. ಬನಿಯನ್ ತೊಡದೆ, ಅದನ್ನು ಕೇಂದ್ರದಲ್ಲೇ ಬಿಟ್ಟು ಹೋದಳು. ಮಾತು ಮುಗಿಸಿ ಬಂದವಳು ಸುನಂದಾಳ ಮೇಜಿನ ಮುಂದೆ ನಿಂತಳು. ಕಣ್ಣು ಕೆಂಪಾಗಿದ್ದವು.

“ಬೆನ್ನ ಮ್ಯಾಲೆ ಕೈ ಇಟ್ಟು ಕೇಳಿದ್ನಿರಿ. ‘ಅಜ್ಜಾರ, ಎಲ್ಲಿ ತುರಸ್ತೈತಿ, ಬಸ್ಸು ಎಲ್ಲಿಗೆ ಬಿಡಲಿ’ ಅಂದ್ನಿ.”

“ಏನಂದ್ರು?”

“‘ಬನೀನ ಕೇಳವ್ವ’ ಅಂದ್ರು. ಸಿಟ್ಟಿಲೆ ಅಂದ್ರ ಚಲೋ ಇತ್ತು ಮೇಡಂ. ನಕ್ಕೋತ ಅಂದ್ರು.” ಹುಡುಗಿ ತುಟಿ ಕಚ್ಚಿಕೊಂಡಳು. “ನಾ ಏನ ತಪ್ಪ ಮಾಡಿದ್ನಿರಿ? ನೀವು ಬೋರ್ಡಿನ ಮ್ಯಾಲೆ ಬರದಿದ್ದನ್ನ ಮಾಡಿದ್ನಿ.”

“ಅದನ್ನೇ ಮಾಡಿದಿ,” ಎಂದಳು ಸುನಂದಾ. “ನಿಂದೇನೂ ತಪ್ಪಿಲ್ಲ.”

ಆ ವಾರ ಸುನಂದಾಳೇ ಹೋದಳು. ಮಂಚದ ಬಳಿ ಕುಳಿತು, ಮೊದಲ ಕೆಲಸವಾಗಿ ಅಜ್ಜನ ಕತ್ತಿನ ಹಿಂದಿನ ಪಟ್ಟಿಯನ್ನು ಕಿತ್ತು ಜೋಳಿಗೆಗೆ ಹಾಕಿಕೊಂಡಳು. ಫಕೀರಪ್ಪ ಅವಳನ್ನೇ ನೋಡುತ್ತಿದ್ದರು. ಮುಖ ನುಣ್ಣಗೆ ಬೋಳಿಸಿತ್ತು, ಹಾಸಿಗೆ ಶುಭ್ರವಾಗಿತ್ತು, ಮೈಯಲ್ಲಿ ಒಂದು ಹುಣ್ಣಿಲ್ಲ. ಊರಿನಲ್ಲಿ ಇವರಷ್ಟು ಒಳ್ಳೆಯ ಆರೈಕೆ ಕಂಡ ರೋಗಿ ಇನ್ನೊಬ್ಬರಿರಲಿಲ್ಲ.

“ಅಣ್ಣಾರ, ಒಂದು ಮಾತು. ಯಂತ್ರ ಕೆಟ್ಟಿತ್ರಿ. ಕೆಲವೊಂದು ತುರಿಕಿ ತಲಿಯೊಳಗ ಹುಟ್ಟತಾವಂತ. ಕತ್ತಿನ ಪಟ್ಟಿಗೆ ಅದು ಸಿಗೂದೇ ಇಲ್ಲಂತ. ಗಲಗಲಿ ಈಗ ಹೇಳಿದ್ರು.”

ಸುಳ್ಳು ಬಹಳ ಸಲೀಸಾಗಿ ಬಂತು. ಇಷ್ಟು ಸಲೀಸು ಎಂದು ಗೊತ್ತಿದ್ದರೆ ಎರಡು ತಿಂಗಳ ಹಿಂದೆಯೇ ಗೋದಾಮಿನಲ್ಲಿ ಹೇಳಬಹುದಿತ್ತು ಎಂದು ಅವಳಿಗೆ ಅನಿಸಿತು.

ಫಕೀರಪ್ಪ ನಕ್ಕರು. ಬಾಯಿಯ ಬಲ ತುದಿ ಮಾತ್ರ ಮೇಲೇರಿತು.

“ಬ್ಯಾಡ ಸುನಂದಾ. ಯಂತ್ರ ಖರೇನ ಹೇಳ್ತು. ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ನೀ ಬಾಗಿಲದಾಗ ನಿಂತು ನೋಡಾಕಿ, ನಿನ್ನ ಮಾರಿ ನೋಡಿದ್ರ ತಿಳೀತಿತ್ತು. ಮೂರನೇದವ್ರಿಗೆ ಗೊತ್ತಾಗಬಾರದಿತ್ತು, ಅಷ್ಟ.”

ಸುನಂದಾ ಕೇಳದೆಯೇ ಅವರನ್ನು ಗೋಡೆಯ ಕಡೆ ಹೊರಳಿಸಿದಳು. ಸೊಂಟದ ಮೇಲೆ ಕೈಯಿಟ್ಟಳು. ಬೆನ್ನೆಲುಬಿನ ಗುಂಟ ಬೆರಳು ಮೇಲೆ ಸರಿಸಿದಳು. ಕೆಳಗಿನ ಸದ್ದು ನಿಂತಿತ್ತು. ಹೆಂಗಸರು ಊಟಕ್ಕೆ ಕುಳಿತಿರಬೇಕು.

“ನವಲಗುಂದ ದಾಟ್ತು. ನರಗುಂದಕ್ಕ ಹೋಗಲೇನ್ರಿ?”

ಬೆನ್ನು ನಡುಗಲಿಲ್ಲ. ಮೊದಲಿನ ಹಾಗೆ ಕಿವಿಗೊಡಲೂ ಇಲ್ಲ. ಸುಮ್ಮನೆ ಒಂದು ಬೆನ್ನಾಗಿತ್ತು.

“ಆ ರೂಟು ಬಂದ್ ಆಗೇತವ್ವ,” ಎಂದರು ಫಕೀರಪ್ಪ. ಆಮೇಲೆ, ಆಕೆಯ ಮನಸ್ಸು ನೋಯಬಾರದೆಂದು ಇರಬೇಕು, ಸೇರಿಸಿದರು: “ನಾ ಆರಾಮದೀನಿ. ಆ ಹುಡುಗಿಗೆ ಅಳಬ್ಯಾಡ ಅನ್ನು. ಶಾಣ್ಯಾ ಕೂಸು ಅದು.”

ಸುನಂದಾ ಏಳುವಾಗ ಪಟ್ಟಿಯನ್ನು ಜೋಳಿಗೆಯಿಂದ ತೆಗೆದು ಮತ್ತೆ ಕತ್ತಿಗೆ ಅಂಟಿಸಿದಳು. ಅಂಟಿಸದಿದ್ದರೆ ರಾತ್ರಿ ಅವರ ಕಾಲು ಮರಗಟ್ಟಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರಂತೂ ಕರೆಯುತ್ತಿರಲಿಲ್ಲ.

ಮಂಡಳಿ ಕೇಂದ್ರಕ್ಕೆ ಮಾನ್ಯತೆ ಕೊಟ್ಟಿತು. ಇಪ್ಪತ್ತಾರು ಮಂದಿಯೂ ತೇರ್ಗಡೆಯಾಗಿ ಎಲ್ಲರಿಗೂ ಕೆಲಸ ಸಿಕ್ಕಿತು. ಹಸೀನಾಗೆ ಧಾರವಾಡದಲ್ಲಿ ಒಳ್ಳೆಯ ಮನೆ ದೊರೆಯಿತು. ಅಲ್ಲಿ ಅವಳು ಕೇಳದೆ ಏನನ್ನೂ ಮಾಡುವುದಿಲ್ಲವೆಂದೂ, ಎಲ್ಲವನ್ನೂ ಎರಡೆರಡು ಸಲ ಕೇಳಿ ಹೊತ್ತು ಹಾಳುಮಾಡುತ್ತಾಳೆಂದೂ ಮನೆಯವರು ಒಮ್ಮೆ ದೂರು ಕೊಟ್ಟರು. ಗಲಗಲಿಗೆ ಬಡ್ತಿಯಾಯಿತು. ಫಕೀರಪ್ಪ ಕೊಣ್ಣೂರರಿಂದ ಹುಸಿ ಕರೆ ಒಂದೂ ಬರಲಿಲ್ಲ, ನಿಜದ ಕರೆಯೂ ಬರಲಿಲ್ಲ.

ಮುಂದಿನ ಜೂನಿನಲ್ಲಿ ಹೊಸ ತಂಡ ಸೇರಿತು. ಬೆನ್ನಿನ ಪಾಠವನ್ನು ಪಠ್ಯದಿಂದ ತೆಗೆಯಲಾಯಿತು.